ಪಾಸ್ಖದ ಕಲ್ಲು

ಹೋದ ವರ್ಷದ ಗುಹೆ ಇನ್ನೂ ಇದೆ.
ಶಿರಿಯ ಹೊಳೆ ತಿರುಗುವಲ್ಲಿ, ಕೇದಗೆಯ ಬುಡದಲ್ಲಿ
ಅರ್ಧ ಮುಳುಗಿ, ಅರ್ಧ ತೇಲಿ.
ಕೊಕ್ಕರೆಯೆಂದುಕೊಂಡು ಹತ್ತಿರ ಹೋದೆ.
ಉಪ್ಪಳದ ಅಂಗಡಿಯಿಂದ ಬೊನಿಫಾಸ್ ತಂದ ಥರ್ಮೋಕೋಲ್,
ಬಂಡೆಯ ಬಣ್ಣ ಬಳಿದದ್ದು ನಾನೇ.
ಬಣ್ಣ ಹೋಗಿದೆ. ಬಂಡೆ ಹೋಗಿಲ್ಲ.

ಮೂರನೆಯ ದಿನಕ್ಕೆ ಎದ್ದು ಹೋದ ಅವನು.
ಅವನನ್ನಿಟ್ಟ ಗುಹೆಗೆ ಏಳುವ ಲಕ್ಷಣವಿಲ್ಲ.
ಮುಟ್ಟಿದರೆ ಕಾಳುಕಾಳಾಗಿ ಉದುರಿತು,
ಮೀನಮರಿಗಳು ಅನ್ನವೆಂದು ಬಾಯಿ ತೆರೆದವು.

ಬೂದಿ ಬುಧವಾರ ಹಣೆಯೊಡ್ಡಿ ಕೇಳಿಸಿಕೊಂಡಿದ್ದೆವು,
ಮಣ್ಣು ನೀನು, ಮಣ್ಣಿಗೇ ಮರಳುವೆ.
ಆಮೆನ್ ಅಂದು ಹೋಗಿ
ಮಣ್ಣಿಗೆ ಮರಳಲೊಪ್ಪದ್ದನ್ನೇ ಆರಿಸಿ ತಂದಿದ್ದೆವು,
ಹಾಳೆಗೆ ಹತ್ತು ರೂಪಾಯಿ ಚೌಕಾಸಿ ಮಾಡಿ.

"ಏನೂ ಆಗೂದಿಲ್ಲ ಬಾಯಿ, ಹೊಳೆ ತಕೊಂಡು ಹೋಗ್ತದೆ"
ಅಂದಿದ್ದ ಬೊನಿಫಾಸ್.
ಏನೂ ಆಗೂದಿಲ್ಲ: ಈ ಮಾತಿಗೂ ನನಗೂ ಹಳೆಯ ಪರಿಚಯ.
ಗೇರುಗುಡ್ಡದ ಮೇಲೆ ಹೆಲಿಕಾಪ್ಟರು ಸುತ್ತುವಾಗ
ಅಂಗಳಕ್ಕೋಡಿ ಕೈಬೀಸಿದ ಮಕ್ಕಳು ನಾವು.
ಅಮ್ಮ ಬಾವಿಗೆ ಮಡಲು ಮುಚ್ಚುತ್ತಿದ್ದಳು.
ಮಡಲಿಗೆ ಎಷ್ಟು ತೂತೆಂದು
ತಮ್ಮ ಹುಟ್ಟಿದ ಮೇಲೆ ಲೆಕ್ಕ ಸಿಕ್ಕಿತು.
ಅವನ ಕತೆ ಇಲ್ಲಿ ಬೇಡ.
ಪಾಸ್ಖದ ಗಂಟೆ ಕೇಳಿದರೆ ನಗುತ್ತಾನೆ, ಅಷ್ಟು ಸಾಕು.

ಈ ಸಲ ವಾರ್ಡಿನ ಸಭೆಯಲ್ಲಿ ಅಂದೆ: ಗುಹೆ ಕಲ್ಲಿನದ್ದೇ ಆಗಲಿ.
ಹೊಸ ಕಲ್ಲು ಬೇಡ, ಗುಡ್ಡಕ್ಕೆ ಈಗಲೇ ಬೇಕಾದಷ್ಟು ಗಾಯವಿದೆ.
ಮೊಂತು ಪೊರ್ಬುಗಳ ಬಿದ್ದ ಹಟ್ಟಿಯ ಗೋಡೆ,
ಹಾವಸೆ ಹಿಡಿದ ಮುರಕಲ್ಲು, ಮೂವತ್ತೆರಡು,
ಜೊತೆಗೆ ಹೊಸ್ತಿಲಾಗಿದ್ದ ಒಂದು ಕರಿಗಲ್ಲು.
ಮೊಯ್ದಿನ್‌ಕುಂಞಿ ಗೂಡ್ಸ್ ರಿಕ್ಷಾದಲ್ಲಿ ನಾಲ್ಕು ಸಲ ಹೇರಿದ.
ಬಾಡಿಗೆ ಎಷ್ಟೆಂದರೆ
"ನೋಂಬು ಬಿಡುವ ಹೊತ್ತಾಯ್ತು, ಮತ್ತೆ ನೋಡುವ" ಅಂದು ಹೋದವ
ಮತ್ತೆ ನೋಡಲೇ ಇಲ್ಲ.

ಕಟ್ಟುವಾಗ ಒಂದು ಕಲ್ಲಿನಲ್ಲಿ
ದನದ ಹಗ್ಗ ಕಟ್ಟುವ ಗೂಟದ ತೂತು.
ಫಾದರ್ ವಲೇರಿಯನ್ ಅದರೊಳಗೆ ಬೆರಳಿಟ್ಟು
ತುಸು ಹೊತ್ತು ಸುಮ್ಮನೆ ನಿಂತರು.
ಹಟ್ಟಿಯಲ್ಲಿ ಹುಟ್ಟಿದವನು ಅಂತ ಯಾರೂ ಹೇಳಲಿಲ್ಲ.

ಎಲ್ಲ ಚೆಂದವೇ ಆಯಿತು ಅಂತಲ್ಲ.
ಮೊಂಬತ್ತಿಗೆ ಪ್ಲಾಸ್ಟಿಕ್ ಲೋಟದ ಬದಲು ಗೆರಟೆ ಕೊಟ್ಟೆವು,
ಗೆರಟೆಯ ಕಣ್ಣಿನಿಂದ ಮೇಣ ಸೋರಿ
ಎವುಪ್ರಾಜ್ ಬಾಯಿಯ ಹೊಸ ಸೀರೆಗೆ ಬಿತ್ತು.
ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಬಣ್ಣ ಕಟ್ಟಿದ ಮೊಟ್ಟೆ ನೋಡಿ
ಮಕ್ಕಳು ಕೇಳಿದರು, ಇದು ಕೋಳಿಯದ್ದೇ ಬಣ್ಣವಲ್ಲವಾ?
ಪಟಾಕಿಯಿಲ್ಲದೆ ಎಂಥ ಪಾಸ್ಖ ಎಂದು
ಹಿಂದಿನ ಬೆಂಚಿನಲ್ಲಿ ಬೊನಿಫಾಸ್.

ಆದರೆ ನಡುರಾತ್ರಿ, ದೀಪವೆಲ್ಲ ಆರಿಸಿ
ಹೊಸ ಬೆಂಕಿಗೆ ಗೇರಿನ ಒಣಕೊಂಬೆ ಒಡ್ಡಿ ಕಾಯುವಾಗ,
ಸಿಡಿಮದ್ದಿನ ಸದ್ದಿರಬೇಕಾಗಿದ್ದ ಆ ಜಾಗದಲ್ಲಿ,
ಗುಡ್ಡದ ಕಡೆಯಿಂದ ಒಂದು ಇರುಳುಹಕ್ಕಿ
ಟಕ್, ಟಕ್, ಟಕ್.
ಮರಕ್ಕೆ ಮೊಳೆ ಹೊಡೆಯುವ ಹಾಗೆ.
ಇಲ್ಲ, ಹೊಡೆದದ್ದನ್ನು ಒಂದೊಂದಾಗಿ ಕೀಳುವ ಹಾಗೆ.
ತಮ್ಮ ಗಂಟೆಗೂ ಮೊದಲೇ ನಕ್ಕ.

ಸೋಮವಾರ ಗುಹೆ ಬಿಚ್ಚಿದೆವು.
ಕಲ್ಲೆಲ್ಲ ಇಗರ್ಜಿಯ ಬಾವಿಕಟ್ಟೆಗೆ.
ಗೂಟದ ತೂತಿನದ್ದೊಂದನ್ನು
ಮೊಂತು ಪೊರ್ಬುಗಳು ಹೆಗಲಲ್ಲಿ ಹೊತ್ತು ವಾಪಸು ಒಯ್ದರು,
ಯಾಕೆಂದು ನಾನು ಕೇಳಲಿಲ್ಲ.
ಬಾಗಿಲಿಗೆ ಅಡ್ಡವಿಟ್ಟಿದ್ದ ಕರಿಗಲ್ಲು,
ದೇವದೂತ ಉರುಳಿಸಿದ್ದು
(ಅಂದರೆ ಜೊಸ್ವಿನ್ ಮತ್ತು ನಾನು,
ಪರದೆಯ ಹಿಂದೆ, ಸೊಂಟ ಹಿಡಿದುಕೊಂಡು)
ಈಗ ನಮ್ಮನೆಯ ಒಗೆಯುವ ಕಲ್ಲು.
ಅದರ ಮೇಲೆ ಇವತ್ತು ಎವುಪ್ರಾಜ್ ಬಾಯಿಯ ಸೀರೆ.
ಮೇಣ ಬಿಡುತ್ತಿಲ್ಲ.
ಬಿಸಿನೀರು ಕಾಯುತ್ತಿದೆ. ಇನ್ನೊಮ್ಮೆ ನೋಡುತ್ತೇನೆ.